ಎಡಕ್ಕೆ ನಲವತ್ತೊಂದು ಸಲ

ಉಲ್ಲಾಸ ನನ್ನನ್ನು ಒಂದು ಟ್ರಿಪ್ಪಿಗೆ ನಲವತ್ತೊಂದು ಸಲ ನೋಡುತ್ತಿದ್ದ. ಇದು ನನ್ನ ಜಂಬದ ಮಾತಲ್ಲ, ಲೆಕ್ಕ. ಅವನ ಟೋಪಿಯೊಳಗೆ ನಾನೇ ಹೊಲಿದು ಕೂರಿಸಿದ್ದ ಸೆನ್ಸರ್, ತಲೆ ಎಷ್ಟು ತಿರುಗಿತು, ಎಷ್ಟು ಹೊತ್ತು ಹಾಗೇ ಇತ್ತು ಎಂದು ನನ್ನ ಲ್ಯಾಪ್‌ಟಾಪಿಗೆ ಚಾಡಿ ಹೇಳುತ್ತಿತ್ತು.

ಶಿರಸಿಯಿಂದ ಯಲ್ಲಾಪುರಕ್ಕೆ ಹೋಗುವ ಒಂಬತ್ತೂ ಹತ್ತರ ಬಸ್ಸು. ಬಲಗಡೆ ಸ್ಟೇರಿಂಗಿನ ಹಿಂದೆ ಅವನು. ಎಂಜಿನ್ನಿನ ಆಚೆ, ಎಡಗಡೆಯ ಒಂಟಿ ಸೀಟಿನಲ್ಲಿ ನಾನು. ಮುಂದಿನ ಗಾಜಿನ ಮೇಲೆ, ನಮ್ಮಿಬ್ಬರನ್ನೂ ವಿಡಿಯೋ ಮಾಡುವ ಒಂದು ಪುಟ್ಟ ಕ್ಯಾಮೆರಾ. ಅವನು ಎಡಕ್ಕೆ ತಿರುಗಿದರೆ ಮೊದಲು ಸಿಗುವುದು ನನ್ನ ಮುಖವೇ. ಮೂವತ್ತೊಂದು ವರ್ಷದವರೆಗೆ ಪುಸ್ತಕದಲ್ಲಿ ಮೂಗು ಹುದುಗಿಸಿಕೊಂಡಿದ್ದವಳಿಗೆ ಇನ್ನೇನು ಬೇಕಿತ್ತು ಹೇಳಿ.

ನಾನು ದಾಕ್ಷಾಯಿಣಿ. ಊರು ಬನವಾಸಿ, ಓದುತ್ತಿದ್ದದ್ದು ಧಾರವಾಡದ ಒಂದು ಲ್ಯಾಬಿನಲ್ಲಿ. ಮನುಷ್ಯ ಒಂದು ಕೆಲಸ ಮಾಡುವಾಗ ಕೈ, ಕಾಲು, ಕತ್ತು ಯಾವುದಾದ ಮೇಲೆ ಯಾವುದು ಕದಲುತ್ತದೆ ಎಂಬುದೇ ನನ್ನ ಸಂಶೋಧನೆ. ಎಡಗಾಲು ಕ್ಲಚ್ಚಿಗೆ, ಎಡಗೈ ಗೇರಿಗೆ, ಕಣ್ಣು ಕನ್ನಡಿಗೆ, ಬಲಗಾಲು ಬ್ರೇಕಿಗೆ. ಕೈಕಾಲಿಗೆ ಕಟ್ಟಿದ ಸೆನ್ಸರ್ ಪಟ್ಟಿಗಳಿಂದ ಈ ಸಾಲನ್ನು ಹಾಗೇ ಎತ್ತಿ ಲ್ಯಾಬಿನ ರೋಬೋಟಿಗೆ ಕಲಿಸುವುದು. ಆಮೇಲೆ ಆ ರೋಬೋಟನ್ನು ಕೂರಿಸಿ, ಡ್ರೈವರುಗಳ ಮೊಣಕಾಲು ಸವೆಯದಂಥ ಪೆಡಲು ಯಾವುದೆಂದು ಪರೀಕ್ಷೆ ಮಾಡುವುದು. ಡಿಪೋದವರು ಇವನೇ ಚಲೋ ಓಡಿಸುತ್ತಾನೆ ಎಂದು ಉಲ್ಲಾಸನನ್ನು ಕೊಟ್ಟರು. ಹೆಗ್ಗರಣೆ ಕಡೆಯವನು, ಮೂವತ್ತನಾಲ್ಕು ವರ್ಷ, ಮದುವೆಯಾಗಿಲ್ಲ. ಇದಿಷ್ಟನ್ನೂ ಮೊದಲ ದಿನವೇ ಕಂಡಕ್ಟರ್ ಕಮಲಾಕರ ನನಗೆ ಟಿಕೆಟ್ಟಿನ ಜೊತೆ ಪುಕ್ಕಟೆ ಕೊಟ್ಟಿದ್ದರು.

ಎರಡನೇ ವಾರ ನಾನೇ ಬಾಯಿಬಿಟ್ಟೆ.

"ಒಂದ್ ಮಾತು ಕೇಳ್ಲೇನ್ರಿ?"

"ಕೇಳಿ, ಸೈಂಟಿಸ್ಟ್ರೆ. ಬ್ರೇಕೊಂದು ಕೇಳ್ಬೇಡಿ, ಈ ಇಳುಕಲಲ್ಲಿ ಅದು ನಂಗೇ ಬೇಕು."

"ನಿನ್ನಿ ಒಂದ ಟ್ರಿಪ್ಪಿನ್ಯಾಗ ನಲವತ್ತೊಂದು ಸಲ ಈ ಕಡೆ ತಿರುಗೀರಿ. ಈ ಕಡೆ ಏನೈತ್ರಿ ಅಂಥಾದ್ದು?"

ಮೂರರಿಂದ ನಾಲ್ಕಕ್ಕೆ ಹೋಗಬೇಕಿದ್ದ ಗೇರು ಕಿರ್ರೆಂದು ಹಲ್ಲು ಕಡಿಯಿತು. ಹದಿನಾಲ್ಕು ದಿನದಲ್ಲಿ ಅದೇ ಮೊದಲು. ಅವನ ಕಿವಿ ಕೆಂಪಾಯಿತು. ಎರಡು ತಿರುವು ದಾಟುವವರೆಗೂ ಮಾತಿಲ್ಲ. ಆಮೇಲೆ ರಸ್ತೆಯ ಮೇಲಿಂದ ಕಣ್ಣು ತೆಗೆಯದೆ ಹೇಳಿದ.

"ಈ ಕಡೆ ನೀವಿದ್ದೀರಲ್ಲ."

ಆ ಎರಡು ತಿರುವಿನ ಮೌನವನ್ನು ನಾನು ನಾಚಿಕೆ ಎಂದುಕೊಂಡೆ. ಗಂಡಸು ನಾಚಿಕೊಂಡರೆ ಎಷ್ಟು ಚಂದ ಎಂದು ಮನೆಗೆ ಹೋಗಿ ಕನ್ನಡಿಯ ಮುಂದೆ ನಿಂತು ಒಬ್ಬಳೇ ನಕ್ಕೆ. ಈಗ ನೆನೆಸಿಕೊಂಡರೆ ಆ ಕನ್ನಡಿಯ ಹುಡುಗಿಯ ಕೆನ್ನೆಗೆ ಎರಡು ಕೊಡಬೇಕೆನಿಸುತ್ತದೆ.

ಬಸ್ಸಿನಲ್ಲಿ ಆ ಮಾತು ಕೇಳಿಸಿಕೊಂಡ ಕಮಲಾಕರ ಹಿಂದಿನಿಂದ ಬಂದು ಕಂಬಕ್ಕೆ ಒರಗಿದ್ದರು. "ನಾನು ಇಪ್ಪತ್ತೊಂಬತ್ತು ವರ್ಷದಿಂದ ಬಸ್ಸಲ್ಲಿ ನಿಂತೇ ಇದ್ದೇನೆ. ನನ್ನ ಕಡೆ ಒಬ್ರೂ ತಿರುಗ್ಲಿಲ್ಲ ಮಾರಾಯ್ತಿ."

"ನಿಮ್ಮ ಕಡೆ ತಿರುಗಿದ್ರೆ ಟಿಕೆಟ್ ತಗಳಿ ಅಂತೀರಿ" ಎಂದ ಉಲ್ಲಾಸ.

ನಮ್ಮ ಕೆಲಸದಲ್ಲಿ ಒಂದು ರೂಢಿಯಿದೆ. ಯಾರಾದರೂ ನೋಡುತ್ತಿದ್ದಾರೆಂದು ಮನುಷ್ಯ ಬೇರೆ ಥರ ನಡೆದುಕೊಂಡರೆ, ಆ ಚಲನೆ ಅವನ ಕೆಲಸದ್ದಲ್ಲ, ನೋಡುವವರಿಂದ ಹುಟ್ಟಿದ್ದು. ಅದನ್ನು ತೆಗೆದು ಬದಿಗಿಡಬೇಕು. ನಾನು ದಿನಾ ಸಂಜೆ ಕೂತು ಆ ನಲವತ್ತೊಂದನ್ನು ಒಂದೊಂದಾಗಿ ಕತ್ತರಿಸಿ ಬೇರೆ ಫೋಲ್ಡರಿಗೆ ಹಾಕಿದೆ. ಕಾರಣ ಎಂಬ ಕಾಲಮ್ಮಿನಲ್ಲಿ "ಸಂಶೋಧಕಿಯ ಇರವು" ಎಂದು ತುಂಬಿದೆ. ಪ್ರತಿ ಸಲ ತುಂಬುವಾಗಲೂ ಹೊಟ್ಟೆಯೊಳಗೆ ಏನೋ ಸಿಹಿಯಾಗುತ್ತಿತ್ತು. ಪ್ರೇಮಪತ್ರ ಕಟ್ಟಿಡುವವರಿದ್ದಾರೆ, ನಾನು ಕತ್ತಿನ ತಿರುವು ಕಟ್ಟಿಟ್ಟೆ. ಮೂರು ತಿಂಗಳಲ್ಲಿ ಎರಡು ಸಾವಿರದ ಮೇಲಾದವು.

ಸೀರೆ ಉಡಲು ಶುರುಮಾಡಿದೆ. ನೀಲಿಯದು ಉಟ್ಟ ದಿನ ಹೆಚ್ಚು ನೋಡುತ್ತಾನೆಯೇ, ಹಸಿರಿಗೋ ಎಂದು ಗ್ರಾಫು ಹಾಕಿದೆ. ಎರಡಕ್ಕೂ ನಲವತ್ತೊಂದೇ. ಆಗಲಾದರೂ ಅನುಮಾನ ಬರಬೇಕಿತ್ತು. ಏನು ಉಟ್ಟರೂ ಅವನಿಗೆ ನಾನು ಅಷ್ಟೇ ಇಷ್ಟ ಎಂದು ತೀರ್ಮಾನಿಸಿದೆ. ಪಿಎಚ್‌ಡಿ ಮಾಡುವವಳ ತಲೆ ಇದು.

ಅವನೂ ಸುಮ್ಮನಿರಲಿಲ್ಲ. ಮಂಚಿಕೇರಿಯಲ್ಲಿ ಬಸ್ಸು ನಿಂತಾಗ ಕಿಟಕಿಯಿಂದ ಕೈ ಹಾಕಿ ಮಾರುವವಳ ಬುಟ್ಟಿಯಿಂದ ಎರಡು ನೆಲ್ಲಿಕಾಯಿ ತೆಗೆದುಕೊಂಡು ಒಂದನ್ನು ಎಂಜಿನ್ನಿನ ಮೇಲೆ ಉರುಳಿಸುತ್ತಿದ್ದ. ಅದು ಉರುಳಿ ನನ್ನ ಕಡೆ ಬಂದು ನಿಲ್ಲುತ್ತಿತ್ತು. ಎಷ್ಟು ಬಲ ಹಾಕಬೇಕೆಂದು ಅವನ ಬೆರಳಿಗೆ ಗೊತ್ತಿತ್ತು. ಉಳಿದ ಹೆಂಗಸರೆಲ್ಲ ಅವನಿಗೆ ಅಕ್ಕ, ಅಮ್ಮ, ತಂಗಿ. ನಾನೊಬ್ಬಳು ಸೈಂಟಿಸ್ಟ್ರು.

ಫೆಬ್ರವರಿಯ ನಡುವೆ ಒಂದು ದಿನ ಯಲ್ಲಾಪುರದ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಇಪ್ಪತ್ತೈದು ನಿಮಿಷ ಬಿಡುವಿತ್ತು. ಕ್ಯಾಂಟೀನಿನಲ್ಲಿ ಬನ್ಸು, ಚಹಾ. ಕಮಲಾಕರ ಬೇಕೆಂದೇ ದೂರದ ಟೇಬಲ್ಲಿಗೆ ಹೋದರು.

"ನೋಡ್ರಿ, ನಂಗ ಸುತ್ತಿ ಬಳಸಿ ಮಾತಾಡಾಕ ಬರಂಗಿಲ್ಲ" ಎಂದೆ. "ನಾ ನಿಮ್ಮನ್ನ ಮದುವಿ ಆಗಬೇಕಂತ ಮಾಡೇನಿ."

ಬನ್ಸು ಮುರಿಯುತ್ತಿದ್ದ ಅವನ ಕೈ ಹಾಗೇ ನಿಂತಿತು. "ಬಸ್ ಡ್ರೈವರನ್ನ? ನಿಮ್ಮವ್ವ ಬನವಾಸಿಲಿ ಅತ್ರೆ ಇಲ್ಲಿವರೆಗೂ ಕೇಳ್ತದೆ."

"ಅಳಲಿ ಬಿಡ್ರಿ. ಆಮ್ಯಾಲ ಟಿಕೆಟ್ ತಗೊಂಡು ನಿಮ್ಮ ಬಸ್ಸಿಗೇ ಬರ್ತಾಳ."

ಅವನು ನಗಲಿಲ್ಲ. "ಸೈಂಟಿಸ್ಟ್ರೆ, ನಿಮಗೊಂದು ಹೇಳ್ಬೇಕಿತ್ತು" ಎಂದ. ನಾನು, ಅಯ್ಯೋ ಇನ್ನೇನು ಹೇಳುತ್ತಾನೆ, ಜಾತಿಯದ್ದೇ ಇರಬೇಕು ಎಂದುಕೊಂಡು, "ಏನೂ ಹೇಳಬ್ಯಾಡ್ರಿ, ಎಲ್ಲಾ ಗೊತ್ತೈತಿ ನಂಗ" ಎಂದುಬಿಟ್ಟೆ. ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಸೆನ್ಸರ್ ಪಟ್ಟಿ ಕಟ್ಟಿದ್ದ ಬಲಗೈಯನ್ನು ನನ್ನ ಕೈಯ ಮೇಲಿಟ್ಟ. ಆ ದಿನದ ದಾಖಲೆಯಲ್ಲಿ ಅದಿನ್ನೂ ಇದೆ. ಬಲಗೈ, ನಿಶ್ಚಲ, ಹನ್ನೊಂದು ನಿಮಿಷ.

ಎಂಟು ದಿನ ಸುಖವಾಗಿದ್ದೆ. ಎಣಿಸಿ ಹೇಳುತ್ತಿದ್ದೇನೆ, ಎಂಟೇ.

ಒಂಬತ್ತನೇ ದಿನ ಉಮ್ಮಚಗಿಯ ತಿರುವು. ಬಿಸಿಲು ಚೆನ್ನಾಗಿತ್ತು, ರಸ್ತೆ ಖಾಲಿ. ಅವನು ಎಡಕ್ಕೆ ತಿರುಗಿದ. ನಾನು ನಕ್ಕೆ. ಅವನೂ ನಕ್ಕ. ನನ್ನ ಪಕ್ಕದ ತಗಡಿನ ಮೇಲೆ ಠಪ್ಪೆಂದು ಸದ್ದಾಯಿತು.

ಹಾಲಿನ ಕ್ಯಾನೊಂದು ರಸ್ತೆಯ ಮೇಲೆ ಉರುಳಿಕೊಂಡು ಹೋಯಿತು. ಡೇರಿಗೆ ಹಾಲು ಕೊಡಲು ನಿಂತಿದ್ದ ವೆಂಕಮ್ಮ ಎಂಬ ಅರವತ್ತೈದರ ಹೆಂಗಸು ಚರಂಡಿಯ ಅಂಚಿನಲ್ಲಿ ಕೂತಿದ್ದರು. ಒಂದು ಕೈಯಲ್ಲಿ ಇನ್ನೊಂದು ಕೈ ಹಿಡಿದುಕೊಂಡಿದ್ದರು. ಆ ಇನ್ನೊಂದು ಕೈಯ ಮಣಿಕಟ್ಟು ಇರಬೇಕಾದ ಕಡೆ ಇರಲಿಲ್ಲ.

"ಆನು ಬದಿಗೇ ನಿಂತಿದ್ದಿ, ತಮಾ" ಎಂದರು ಉಲ್ಲಾಸನಿಗೆ. ತಾನು ಬದಿಯಲ್ಲೇ ನಿಂತಿದ್ದೆ ಎಂದು ಅದನ್ನೇ ನಾಲ್ಕು ಸಲ ಹೇಳಿದರು. ಬಯ್ಯಲಿಲ್ಲ, ಅಳಲಿಲ್ಲ.

"ಕಾಣ್ಲಿಲ್ಲ" ಎಂದ ಉಲ್ಲಾಸ. ಅವನ ತುಟಿ ಬೆಳ್ಳಗಾಗಿತ್ತು. "ನಂಗೆ ಕಾಣ್ಲೇ ಇಲ್ಲ."

ವಿಚಾರಣೆಯಾಯಿತು. ಬಸ್ಸಿನಲ್ಲಿ ಸಂಶೋಧನೆಯ ಯಂತ್ರವಿತ್ತಲ್ಲ, ಅದೇನು ಹೇಳುತ್ತದೆ ಎಂದು ನನ್ನನ್ನು ಕರೆದರು. ನಾನು ಕತ್ತರಿಸಿ ಚೊಕ್ಕ ಮಾಡಿದ ಗ್ರಾಫನ್ನು ತೋರಿಸಿದೆ. ಕೈ ಸರಿ, ಕಾಲು ಸರಿ, ತಲೆ ನೇರ. ಚಾಲಕನ ಚಲನೆ ಸಹಜ ಎಂದು ಸಹಿ ಹಾಕಿದೆ. ನನ್ನ ಕಡೆ ನೋಡಿದ್ದನ್ನು ಊರಿಗೆಲ್ಲ ಯಾಕೆ ತೋರಿಸಬೇಕು, ಅದು ನಮ್ಮಿಬ್ಬರ ವಿಷಯ ಎಂದು ಒಳಗೊಳಗೇ ಸಮಾಧಾನ ಮಾಡಿಕೊಂಡೆ. ವೆಂಕಮ್ಮನೇ ಒಂದು ಹೆಜ್ಜೆ ರಸ್ತೆಗೆ ಬಂದಿರಬೇಕು ಎಂದು ಬರೆದುಕೊಂಡರು. ಎರಡು ದಿನದಲ್ಲಿ ಉಲ್ಲಾಸ ಮತ್ತೆ ಸ್ಟೇರಿಂಗಿಗೆ ಬಂದ.

"ಉಳಿಸಿಕೊಂಡೆ ನೋಡ್ರಿ ನಿಮ್ಮನ್ನ" ಎಂದೆ.

"ಹೌದು" ಎಂದ. ಮಂಚಿಕೇರಿಯಲ್ಲಿ ನೆಲ್ಲಿಕಾಯಿ ಬರಲಿಲ್ಲ.

ಮಾರ್ಚಿನಲ್ಲಿ ಧಾರವಾಡಕ್ಕೆ ಹೋದೆ. ಲ್ಯಾಬಿನಲ್ಲಿ ನನ್ನ ಜೂನಿಯರ್ ಪ್ರಮೋದ ರೋಬೋಟನ್ನು ಹಳೇ ಬಸ್ಸಿನ ಸೀಟಿನ ಮೇಲೆ ಕೂರಿಸಿ ಕಾಯುತ್ತಿದ್ದ. ಎರಡು ಕೈ, ಎರಡು ಕಾಲು, ಮುಖದ ಜಾಗದಲ್ಲಿ ಒಂದು ಕ್ಯಾಮೆರಾ. ಬಟನ್ ಒತ್ತಿದ. ಕ್ಲಚ್ಚು, ಗೇರು, ಕ್ಲಚ್ಚು. ಗೇರಿನ ಗುಂಡಿಯ ಮೇಲೆ ಒಮ್ಮೆ ಬೆರಳು ತಟ್ಟಿ ಆಮೇಲೆ ಹಿಡಿಯುವುದು ಉಲ್ಲಾಸನದೇ ಅಭ್ಯಾಸ. ಅದನ್ನೂ ಕಲಿತಿತ್ತು ಆ ಕಬ್ಬಿಣ.

ಆಮೇಲೆ ಅದು ಎಡಕ್ಕೆ ತಿರುಗಿತು. ನೇರವಾಯಿತು. ಮತ್ತೆ ಎಡಕ್ಕೆ ತಿರುಗಿತು.

"ಪ್ರಮೋದ, ಅದನ್ಯಾಕ ಹಾಕೀ? ನಾ ತೆಗೆದಿಟ್ಟಿದ್ನಲ್ಲ" ಎಂದೆ. ನನಗೆ ನಾಚಿಕೆಯಾಗಿತ್ತು. ನಮ್ಮ ಗುಟ್ಟನ್ನು ಅದು ಎಲ್ಲರೆದುರು ಆಡಿ ತೋರಿಸುತ್ತಿತ್ತು.

"ನೀವು ತೆಗೆದಿದ್ದು ನಿಮ್ಮ ರೆಕಾರ್ಡಿಂಗ್‌ನಾಗಿಂದು ಅಕ್ಕಾ. ಇದು ನಂದು. ಮೊದಲನೇ ವಾರ ಟ್ರಯಲ್ ಅಂತ ನಾ ಒಬ್ಬನೇ ಹೋಗಿ ಮಾಡಿದ್ನಲ್ಲ, ಅದು."

"ಮೊದಲನೇ ವಾರ?"

"ನೀವಿನ್ನೂ ಬಸ್ಸು ಹತ್ತೇ ಇರ್ಲಿಲ್ಲ. ನಾ ಹಿಂದಿನ ಸೀಟಿನ್ಯಾಗ ಕುಂತಿದ್ದೆ."

ಎಡಗಡೆಯ ಒಂಟಿ ಸೀಟಿನಲ್ಲಿ ಯಾರಿದ್ದರು ಎಂದು ಕೇಳಿದೆ. ವಿಡಿಯೋ ತೆಗೆದು ತೋರಿಸಿದ. ಯಾರೋ ಇಟ್ಟಿದ್ದ ತೌಡಿನ ಚೀಲ. ಆ ಚೀಲದ ಕಡೆಗೂ ಉಲ್ಲಾಸ ಒಂದು ಟ್ರಿಪ್ಪಿಗೆ ನಲವತ್ತೊಂದು ಸಲ ತಿರುಗಿದ್ದ. ಎಡಕ್ಕೆ ತಿರುವು ಬಂದಲ್ಲೆಲ್ಲ, ಊರಿನ ಮನೆ ಬಂದಲ್ಲೆಲ್ಲ, ಸ್ಟಾಪು ಬಂದಲ್ಲೆಲ್ಲ.

ಪ್ರಮೋದ ಬುದ್ಧಿವಂತ. "ಅಕ್ಕಾ, ಎಡಬದಿ ಕಾಣಂಗಿಲ್ಲೇನೋ ಇವರಿಗೆ. ನಮ್ಮಜ್ಜಗ ಗ್ಲಾಕೋಮಾ ಆದಾಗ ಹಿಂಗ ಕತ್ತು ತಿರುಗಸ್ತಿದ್ದ" ಎಂದ. ನಾನು ಹೊರಗೆ ಹೋಗಿ ನಲ್ಲಿಯ ಕೆಳಗೆ ಮುಖ ಇಟ್ಟು ಬಹಳ ಹೊತ್ತು ನಿಂತೆ. ತೌಡಿನ ಚೀಲಕ್ಕೆ ಸಿಕ್ಕಷ್ಟೇ ನನಗೂ ಸಿಕ್ಕಿತ್ತು. ಅದರ ಮೇಲೆ ಮದುವೆ ಕಟ್ಟಿದ್ದೆ.

ಆಮೇಲೆ ಮೂರು ದಿನ ಕೂತು ನಾನು ಬದಿಗಿಟ್ಟಿದ್ದ ಎರಡು ಸಾವಿರ ತುಣುಕುಗಳನ್ನೂ ಮತ್ತೆ ನೋಡಿದೆ. ಸಿಟ್ಟಿನಿಂದಲೇ ನೋಡಿದೆ. ತಿರುವಿನ ಎಣಿಕೆ ಎಂದೂ ಬದಲಾಗಿರಲಿಲ್ಲ. ತಿರುಗಿದ ತಲೆ ಎಷ್ಟು ಹೊತ್ತು ಅಲ್ಲೇ ನಿಂತಿತು ಎಂಬುದನ್ನು ಮಾತ್ರ ನಾನು ಎಂದೂ ನೋಡಿರಲಿಲ್ಲ. ತೌಡಿನ ಚೀಲಕ್ಕೆ ಅರೆ ಸೆಕೆಂಡೂ ಇಲ್ಲ. ನನಗೂ ಮೊದಲ ಎರಡೂವರೆ ತಿಂಗಳು ಅಷ್ಟೇ. ಅವನ ಕಣ್ಣು ನನ್ನನ್ನು ದಾಟಿಕೊಂಡು ರಸ್ತೆಯ ಅಂಚಿಗೆ ಹೋಗುತ್ತಿತ್ತು.

ಫೆಬ್ರವರಿ ಎಂಟರಿಂದ ಅದು ಬದಲಾಗಿತ್ತು. ಆ ದಿನದ ವಿಡಿಯೋ ತೆಗೆದೆ. ನಾನು ಜ್ವರದಲ್ಲಿ ಬಂದಿದ್ದೆ. ಸೀರೆಯಿಲ್ಲ, ಹಳೇ ಚೂಡಿದಾರ. ಕಿಟಕಿಯ ಸರಳಿಗೆ ತಲೆಯಿಟ್ಟು ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದೆ. ಅವನು ಎಡಕ್ಕೆ ತಿರುಗಿದ್ದಾನೆ. ತಲೆ ನನ್ನ ಮೇಲೆ ನಿಂತಿದೆ, ಒಂದು ಸೆಕೆಂಡು. ಮುಂದಿನ ತಿರುವಿನಲ್ಲಿ ಗೇರನ್ನು ಸದ್ದಾಗದಂತೆ ಇಳಿಸಿದ್ದಾನೆ. ಆ ದಿನದಿಂದ ಪ್ರತಿ ಸಲವೂ ಅವನ ನೋಟ ನನ್ನ ಹತ್ತಿರ ಬಂದು ನಿಲ್ಲುತ್ತಿತ್ತು. ಉಮ್ಮಚಗಿಯ ತಿರುವಿನಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಂತಿತ್ತು. ರಸ್ತೆಯ ಅಂಚಿನವರೆಗೆ ಹೋಗಲೇ ಇಲ್ಲ. ಅಂಚಿನಲ್ಲಿ ವೆಂಕಮ್ಮ ನಿಂತಿದ್ದರು.

ಆ ತಾರೀಖುಗಳನ್ನು ಒಂದು ಹಾಳೆಯಲ್ಲಿ ಮುದ್ರಿಸಿ ಬ್ಯಾಗಿಗೆ ಹಾಕಿಕೊಂಡು ಶಿರಸಿಗೆ ಬಂದೆ.

ಡಿಪೋದ ಹಿಂದೆ ಬಸ್ಸು ತೊಳೆಯುವ ಕಟ್ಟೆಯ ಹತ್ತಿರ ಸಿಕ್ಕ. ಮಧ್ಯಾಹ್ನದ ಹೊತ್ತು, ಊಟದ ಡಬ್ಬಿ ತೊಳೆಯುತ್ತಿದ್ದ. ನಾನು ಅವನ ಎಡಬದಿಗೆ ಹೋಗಿ ನಿಂತೆ. ಕೈ ಚಾಚಿದರೆ ಮುಟ್ಟಬಹುದಾದಷ್ಟು ಹತ್ತಿರ. ಅವನು ಡಬ್ಬಿ ತೊಳೆಯುತ್ತಲೇ ಇದ್ದ.

"ಕಾಣಂಗಿಲ್ಲಲ್ರಿ?" ಎಂದೆ.

ಡಬ್ಬಿ ಕೈಯಿಂದ ಜಾರಿತು. ಅವನು ತಿರುಗಿ ನನ್ನನ್ನು ನೋಡಿದ. ಸುಳ್ಳು ಹೇಳಲು ಹೋಗಲಿಲ್ಲ.

"ಎರಡು ವರ್ಷ ಆತು. ಹುಬ್ಬಳ್ಳಿ ಡಾಕ್ಟ್ರು ಹೇಳಿದ್ರು. ನೇರ ಇದ್ದಿದ್ದು ಚಲೋ ಕಾಣ್ತದೆ. ಪರೀಕ್ಷೇಲಿ ಅಕ್ಷರದ ಬೋರ್ಡು ಓದಿಸ್ತಾರೆ, ಎಲ್ಲಾ ಓದ್ತೆ. ಎಡಬದಿ ಮಾತ್ರ ಇಲ್ಲ."

"ಮತ್ತ ನಾ ಕೇಳಿದಾಗ?"

"ಸಿಕ್ಕಿಬಿದ್ದೆ ಅಂದ್ಕಂಡೆ. ಎರಡು ತಿರುವು ಯೋಚ್ನೆ ಮಾಡ್ದೆ. ನೀವು ನಗ್ತಾ ಇದ್ರಿ. ನಿಮಗೆ ಎಂತ ಉತ್ರ ಬೇಕು ಅಂತ ಮುಖದ ಮೇಲೇ ಇತ್ತು. ಅದನ್ನೇ ಕೊಟ್ಟೆ."

ಒಂದು ಹೊಡೆತ ಹೊಡೆದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಅವನು ಹೇಳಿದ್ದು ನಿಜವೂ ಆಗಿತ್ತು, ಅದೇ ಹೆಚ್ಚು ಉರಿಸಿದ್ದು.

"ಎಷ್ಟ ಹಗುರ ಹೇಳ್ತೀರಲ್ರಿ."

"ಹಗುರ ಅಲ್ಲ. ಸ್ಟೇರಿಂಗ್ ಬಿಟ್ರೆ ನಾ ಯಾರು ಹೇಳಿ? ಹೆದ್ರಿಕೆ ಆತು." ಅವನು ಕಟ್ಟೆಯ ಮೇಲೆ ಕೂತ. "ಮೊದ್ಲು ಸುಳ್ಳೇ. ಆಮೇಲೆ ಸುಳ್ಳಾಗಿ ಉಳೀಲಿಲ್ಲ. ನಿಜವಾಗಿ ನಿಮ್ಮನ್ನೇ ನೋಡೂಕೆ ಶುರು ಮಾಡ್ದೆ. ಯಾವತ್ತಿಂದ ಅಂತ ನಂಗೂ ಗೊತ್ತಿಲ್ಲ. ಅವತ್ತು ಉಮ್ಮಚಗೀಲಿ ಕಣ್ಣಿಂದ ಆದದ್ದಾ, ನಿಮ್ಮನ್ನ ನೋಡ್ತಾ ಆದದ್ದಾ ಅಂತ ದಿನಾ ತಲೆ ಕೆಡ್ತದೆ. ನಿಮ್ಮ ಮಿಷನ್ನಲ್ಲಿ ಇರ್ಬೇಕಲ್ಲ ಅದು? ಅದೊಂದು ನೋಡಿ ಹೇಳಿ. ಆಮೇಲೆ ನನ್ನ ಮೇಲೆ ಎಂತ ಬೇಕಾದ್ರೂ ಬರ್ಕಳಿ."

ಹಾಳೆ ನನ್ನ ಬ್ಯಾಗಿನ ಮುಂದಿನ ಜಿಪ್ಪಿನಲ್ಲಿತ್ತು. ಕೈ ಅದರ ಮೇಲೇ ಇತ್ತು. ಫೆಬ್ರವರಿ ಎಂಟು ಎಂದಿದ್ದರೆ ಸಾಕಿತ್ತು.

"ನೋಡೇನ್ರಿ" ಎಂದೆ. "ಎಲ್ಲಾ ನೋಡೇನಿ. ಒಂದೂ ನನ್ನ ಕಡೆ ನೋಡಿದ್ದಲ್ಲ. ಮೊದಲಿನಿಂದ ಕಡೀತನಕ ಎಲ್ಲಾ ಕಣ್ಣಿಂದ."

ಅವನು ನನ್ನ ಮುಖ ಹುಡುಕಿದ. "ಒಂದೂ ಅಲ್ಲ?"

"ಒಂದೂ ಅಲ್ಲ."

"ಹೌದಾ." ಬಿದ್ದ ಡಬ್ಬಿಯನ್ನು ಎತ್ತಿ ಕಟ್ಟೆಯ ಮೇಲಿಟ್ಟು ಕೇಳಿದ, "ಮಿಷನ್ನು ಸುಳ್ಳು ಹೇಳೂದಿಲ್ಲ, ಅಲ್ದಾ?"

"ಮಿಷನ್ನು ಹೇಳಂಗಿಲ್ಲ."

ಅವನು ಟೋಪಿ ತೆಗೆದು ಒಳಗಿನ ಸೆನ್ಸರನ್ನು ಹೊಲಿಗೆ ಹರಿಯದಂತೆ ಬಿಡಿಸಿ ನನ್ನ ಕೈಯಲ್ಲಿಟ್ಟ. "ಹಂಗಾದ್ರೆ ನಂಗೇ ತಪ್ಪು ಅನಿಸಿದ್ದು" ಎಂದ. ವೆಂಕಮ್ಮನ ಕೈ ಮುರಿದದ್ದು ತನ್ನ ಪ್ರೇಮದಿಂದಲ್ಲ ಎಂದು ಅವನಿಗೆ ನೆಮ್ಮದಿಯಾಗಲಿ, ಅದಕ್ಕೇ ನಾನು ಒಂದೂ ಅಲ್ಲ ಎಂದೆ ಎಂದು ಆಮೇಲೆ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಅದು ಹಸಿ ಸುಳ್ಳು. ನನಗೆ ನೋವಾಗಿತ್ತು, ಅವನಿಗೂ ಆಗಲಿ ಎಂದೇ ಹೇಳಿದ್ದು.

ವರದಿ ಕೊಟ್ಟೆ. ಕತ್ತರಿಸಿದ್ದನ್ನೂ, ನನ್ನ ಮೊದಲ ಸಹಿ ತಪ್ಪು ಎಂಬುದನ್ನೂ ಬರೆದೆ. ನನ್ನ ಒಂದು ವರ್ಷದ ಕೆಲಸ ಬಿದ್ದುಹೋಯಿತು. ವೆಂಕಮ್ಮನ ಮೇಲಿನ ಆರೋಪ ತೆಗೆದರು. ಉಲ್ಲಾಸನನ್ನು ಬಸ್ಸಿನಿಂದ ಇಳಿಸಿ ಸಿದ್ದಾಪುರದ ಸ್ಟ್ಯಾಂಡಿನಲ್ಲಿ ಬಸ್ಸಿನ ವೇಳೆ ಹೇಳುವ ಕೊಠಡಿಗೆ ಹಾಕಿದರು.

ಉಮ್ಮಚಗಿಗೆ ಹೋಗಿ ವೆಂಕಮ್ಮನಿಗೆ ಕೈ ಮುಗಿದೆ. ಬೆರಳು ಪೂರ್ತಿ ಮಡಚಲು ಬರುತ್ತಿರಲಿಲ್ಲ, ಹಾಲು ಕರೆಯುವುದು ಬಿಟ್ಟಿದ್ದರು. ಚಹಾ ಕೊಟ್ಟು, ಗುರುತು ಸಿಕ್ಕವರಂತೆ ನನ್ನನ್ನೇ ನೋಡಿದರು.

"ನೀ ಬಸ್ಸಲ್ಲಿ ಮುಂದೆ ಕೂತಿದ್ದ ಕೂಸಲ್ದಾ? ನೆನಪಿದ್ದು ಯಂಗೆ. ಬಸ್ಸು ಹತ್ರ ಬಂದಾಗ ನೀ ನಗ್ತಾ ಇದ್ದಿದ್ದೆ."

ಆ ಚಹಾ ಕುಡಿದು ಮುಗಿಸುವುದು ಸುಲಭವಿರಲಿಲ್ಲ.

ಲ್ಯಾಬಿನ ರೋಬೋಟು ಈಗಲೂ ಎಡಕ್ಕೆ ತಿರುಗುತ್ತದೆ. ನನ್ನ ಫೆಬ್ರವರಿಯ ತುಣುಕುಗಳನ್ನೂ ನಾನೇ ಅದಕ್ಕೆ ಸೇರಿಸಿದೆ. ಪ್ರಮೋದ ತೆಗೆಯೋಣ ಅಕ್ಕಾ ಎಂದರೆ ಇರಲಿ ಬಿಡು ಎನ್ನುತ್ತೇನೆ. ಯಾರೂ ಇಲ್ಲದ ಹೊತ್ತಿನಲ್ಲಿ ಅದರ ಎಡಗಡೆಗೆ ಒಂದು ಸ್ಟೂಲು ಹಾಕಿಕೊಂಡು ಕೂರುತ್ತೇನೆ. ಅದು ತಿರುಗುತ್ತದೆ, ಒಂದು ಸೆಕೆಂಡು ನಿಲ್ಲುತ್ತದೆ, ಮುಂದೆ ಹೋಗುತ್ತದೆ.

ಒಂದು ವರ್ಷವಾದ ಮೇಲೆ, ಇನ್ನು ತಡೆಯಲಾರದೆ, ಅದೇ ಹಾಳೆಯನ್ನು ಹಿಡಿದುಕೊಂಡು ಸಿದ್ದಾಪುರಕ್ಕೆ ಹೋದೆ. ಅವನು ಕಿಟಕಿಯ ಹಿಂದೆ ಮೈಕಿನ ಮುಂದೆ ಕೂತಿದ್ದ. ಸ್ವಲ್ಪ ತೆಳ್ಳಗಾಗಿದ್ದ. ಜನ ಒಬ್ಬೊಬ್ಬರಾಗಿ ಬಂದು ಕೇಳುತ್ತಿದ್ದರು. ಅವನು ಪ್ರತಿಯೊಬ್ಬರ ಕಡೆಗೂ ತಲೆ ಪೂರ್ತಿ ತಿರುಗಿಸಿ, ಮುಖ ನೋಡಿ, ನಿಲ್ಕುಂದಕ್ಕೆ ನಾಲ್ಕೂವರೆಗೆ ಅಮ್ಮ, ಆ ಬಸ್ಸು ಹೋಯ್ತು ತಂಗಿ ಎಂದು ಹೇಳುತ್ತಿದ್ದ. ನಾನು ಬದಿಯ ಬಾಗಿಲಿನಿಂದ ಹೋಗಿ ಅವನ ಎಡಕ್ಕೆ ನಿಂತೆ.

"ಶಿರಸಿ ಬಸ್ಸು ಎಷ್ಟೊತ್ತಿಗೈತ್ರಿ?" ಎಂದು ಕೇಳಿದೆ. ಬೇರೇನೂ ಬಾಯಿಗೆ ಬರಲಿಲ್ಲ.

ಅವನ ಬೆರಳು ಮೈಕಿನ ಗುಂಡಿಯ ಮೇಲೆ ಒಮ್ಮೆ ತಟ್ಟಿ ನಿಂತಿತು.

"ನಾಕೂ ಇಪ್ಪತ್ತಕ್ಕೆ, ಸೈಂಟಿಸ್ಟ್ರೆ" ಎಂದ. ಎದುರಿನ ಗೋಡೆ ನೋಡುತ್ತಲೇ ಹೇಳಿದ.

ನಾನು ಕಾದೆ. ನನಗೆ ಎಣಿಸುವುದು ಬಿಟ್ಟು ಬೇರೇನು ಬರುತ್ತದೆ? ಒಂದು ಸೆಕೆಂಡು, ಎರಡು, ಹತ್ತು, ಮೂವತ್ತು. ನಾಲ್ಕೂ ಇಪ್ಪತ್ತಕ್ಕೆ ಬಸ್ಸು ಬಂತು. ಅವನು ಮೈಕಿನಲ್ಲಿ ಶಿರಸಿ, ಶಿರಸಿ ಎಂದು ಎರಡು ಸಲ ಕರೆದ. ಅವನ ತಲೆ ನೇರವಾಗಿಯೇ ಇತ್ತು. ಹಾಳೆಯನ್ನು ಜಿಪ್ಪಿನೊಳಗೆ ಹಾಕಿಕೊಂಡು ಹೋಗಿ ಬಸ್ಸು ಹತ್ತಿದೆ.